ಕಿಟಕಿ ಮುಚ್ಚಿದ್ದರೂ ಧೂಳು: ಫರ್ನೇಸ್ ಇರುವ ಮನೆಯಲ್ಲಿ ಅದನ್ನು ತಗ್ಗಿಸುವುದು ಹೇಗೆ?

ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಶಿಕಾಗೊ ಕಡೆಗೋ ಟೊರಾಂಟೊ ಕಡೆಗೋ ಹೋಗಿ ಬಂದ ತಾಯಂದಿರಲ್ಲಿ ಹಲವರಿಗೆ ಈ ಸೋಜಿಗದ ಅನುಭವವಾಗಿರುತ್ತದೆ. ಹೊರಗೆ ನೆಲವೆಲ್ಲ ಹಿಮದಡಿ ಹುದುಗಿರುತ್ತದೆ, ಕಿಟಕಿಗಳನ್ನು ತಿಂಗಳುಗಟ್ಟಲೆ ತೆರೆದಿರುವುದಿಲ್ಲ, ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಆದರೂ ಸೋಮವಾರ ಒರೆಸಿದ ಮೇಜಿನ ಮೇಲೆ ಬುಧವಾರದ ಹೊತ್ತಿಗೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ಊರಿನಲ್ಲಾದರೆ ಬಸ್ಸುಗಳನ್ನೋ ಪಕ್ಕದ ಸೈಟಿನ ಕಟ್ಟಡದ ಕೆಲಸವನ್ನೋ ದೂರಬಹುದಿತ್ತು. ಅಲ್ಲಿ ದೂರಲು ಸಿಗುವುದು ನೆಲದ ಜಾಲರಿಯಿಂದ ಬುಸುಗುಟ್ಟುವ ಬಿಸಿಗಾಳಿ ಮಾತ್ರ. ಆ ದೂರಿನಲ್ಲಿ ಅರ್ಧದಷ್ಟು ಸತ್ಯವಿದೆ.

ಉತ್ತರ ಅಮೆರಿಕದ ಬಹಳಷ್ಟು ಮನೆಗಳಲ್ಲಿ ಬೇಸ್‌ಮೆಂಟಿನಲ್ಲೋ ಅಟ್ಟದಲ್ಲೋ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಎಂಬ ಯಂತ್ರ ಇರುತ್ತದೆ. ಅದರೊಳಗಿನ ಬ್ಲೋವರ್ ‘ರಿಟರ್ನ್’ ಎಂಬ ದೊಡ್ಡ ಜಾಲರಿಗಳಿಂದ ಕೋಣೆಗಳ ಗಾಳಿಯನ್ನು ಹೀರಿಕೊಂಡು, ಫಿಲ್ಟರ್ ದಾಟಿಸಿ, ಕಾಯಿಸಿದ ಗಾಳಿಯನ್ನು ‘ಸಪ್ಲೈ’ ಎಂಬ ಚಿಕ್ಕ ಜಾಲರಿಗಳ ಮೂಲಕ ಮರಳಿ ಕೋಣೆಗಳಿಗೆ ತಳ್ಳುತ್ತದೆ. ಫರ್ನೇಸ್ ತಾನಾಗಿ ಧೂಳನ್ನು ಹುಟ್ಟಿಸುವುದಿಲ್ಲ. ಮೈಯಿಂದ ಉದುರುವ ಚರ್ಮದ ಹೊಟ್ಟು, ಬಟ್ಟೆ ಮತ್ತು ಕಾರ್ಪೆಟ್ಟಿನ ನಾರು, ಬೂಟಿನೊಡನೆ ಬಂದ ಮಣ್ಣು, ನಾಯಿ ಬೆಕ್ಕುಗಳ ಕೂದಲು, ಒಲೆಯ ಮತ್ತು ಊದುಬತ್ತಿಯ ಹೊಗೆಯ ಕಣಗಳು ಸೇರಿ ಧೂಳಾಗುತ್ತವೆ. ಆದರೆ ಹೀರುವ ಕಡೆಯ ಡಕ್ಟಿನಲ್ಲಿ, ಅಂದರೆ ಗಾಳಿ ಸಾಗುವ ಕೊಳವೆಯಲ್ಲಿ, ಬಿರುಕುಗಳಿದ್ದರೆ ಬ್ಲೋವರ್ ಬೇಸ್‌ಮೆಂಟಿನ ಸಿಮೆಂಟ್ ಪುಡಿಯನ್ನೂ ಗೋಡೆಯ ಪೊಳ್ಳಿನಲ್ಲಿರುವ ಕಸವನ್ನೂ ಸೆಳೆದುಕೊಂಡು ಮನೆಗೆಲ್ಲ ಹಂಚುತ್ತದೆ. ಆದ್ದರಿಂದ ಪರೀಕ್ಷೆಯನ್ನು ಗಾಳಿ ಊದುವ ಜಾಲರಿಯಿಂದ ಆರಂಭಿಸದೆ ಗಾಳಿ ಹೀರುವ ದಾರಿಯಿಂದ ಆರಂಭಿಸಬೇಕು.

ಮೊದಲು ಮನೆಯ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟನ್ನೂ ಫರ್ನೇಸಿನ ಪಕ್ಕದ ಸ್ವಿಚ್ಚನ್ನೂ ಆರಿಸಿ, ಫಿಲ್ಟರನ್ನು ಹೊರಗೆಳೆದು ನೋಡಿ. ಅದರ ಮೈಯೆಲ್ಲ ಒಂದೇ ಸಮ ಬೂದಿಬಣ್ಣಕ್ಕೆ ತಿರುಗಿದ್ದರೆ ಗಾಳಿ ಸರಿಯಾಗಿ ಅದರ ಮೂಲಕವೇ ಹಾಯುತ್ತಿದೆ ಎಂದರ್ಥ. ಬದಲಿಗೆ ಚೌಕಟ್ಟಿನ ಅಂಚಿನಲ್ಲಿ ಧೂಳಿನ ಗೆರೆಗಳಿದ್ದು, ಟಾರ್ಚ್ ಹಾಕಿ ನೋಡಿದಾಗ ಬ್ಲೋವರ್ ಇರುವ ಕಡೆಯ ತಗಡಿನ ಮೇಲೂ ಧೂಳಿನ ಪದರ ಕಂಡರೆ ಗಾಳಿ ಫಿಲ್ಟರಿನ ಪಕ್ಕದ ಸಂದಿಯಲ್ಲಿ ನುಸುಳುತ್ತಿದೆ. ಚೌಕಟ್ಟಿನ ಮೇಲೆ 16×25×1 ಎಂದು ಅಚ್ಚಾಗಿರುವ ಅಂಗುಲದ ಅಳತೆ ಹೆಸರಿಗೆ ಮಾತ್ರ. ನಿಜವಾದ ಅಳತೆ ತುಸು ಕಡಿಮೆಯಿದ್ದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸಡಿಲವಾಗಿ ಅಲುಗಾಡುವ ಫಿಲ್ಟರು ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ, ಏಕೆಂದರೆ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಫಿಲ್ಟರ್ ತೂರಿಸುವ ಸಂದಿಗೆ ಮುಚ್ಚಳವೇ ಇಲ್ಲದ ಮನೆಗಳೂ ಬಹಳ ಇವೆ. ಅಲ್ಲಿ ಆ ಉದ್ದನೆಯ ಸೀಳು ಬೇಸ್‌ಮೆಂಟಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುತ್ತಿರುತ್ತದೆ. ಅಯಸ್ಕಾಂತದ ಪಟ್ಟಿಯನ್ನು ಅಂಟಿಸಿದರೆ ಕೆಲವೇ ಡಾಲರುಗಳಲ್ಲಿ ಈ ಕೆಲಸ ಮುಗಿಯುತ್ತದೆ. ಹೊಸ ಫಿಲ್ಟರ್ ಹಾಕುವಾಗ ಅದರ ಮೇಲಿನ ಬಾಣದ ಗುರುತು ಫರ್ನೇಸಿನ ಕಡೆಗೆ ಮುಖ ಮಾಡಿರಬೇಕು.

ಎರಡನೆಯದು ಫಿಲ್ಟರಿನ ಆಯ್ಕೆ. ಆಚೆಬದಿಯ ಬೆಳಕು ಕಾಣಿಸುವಂತಹ ತೆಳು ಫೈಬರ್‌ಗ್ಲಾಸ್ ಫಿಲ್ಟರುಗಳು ಯಂತ್ರವನ್ನು ಕಾಪಾಡಲೆಂದು ಇರುವಂಥವು, ಮನೆಯವರ ಮೂಗನ್ನು ಕಾಪಾಡಲೆಂದಲ್ಲ. ಆಶ್ರೇ ಎಂಬ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ‘ಮೆರ್ವ್’ ಎಂಬ ಅಂಕವನ್ನು ನೋಡಿ ಕೊಳ್ಳಬೇಕು. ಮೆರ್ವ್ 8 ಇರುವ ಫಿಲ್ಟರ್ 3ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 70ರಷ್ಟನ್ನು ಹಿಡಿಯುತ್ತದೆಯಾದರೂ 1ರಿಂದ 3 ಮೈಕ್ರಾನಿನ ಕಣಗಳಿಗೆ ಅದರ ಖಾತರಿ ಶೇ 20 ಮಾತ್ರ. ಮೆರ್ವ್ 13 ಇವೆರಡನ್ನೂ ಕ್ರಮವಾಗಿ ಶೇ 90 ಮತ್ತು ಶೇ 85ಕ್ಕೆ ಏರಿಸುವುದಲ್ಲದೆ, ಹೊಗೆಯಂತಹ 1 ಮೈಕ್ರಾನಿಗಿಂತ ಚಿಕ್ಕ ಕಣಗಳಲ್ಲೂ ಕನಿಷ್ಠ ಅರ್ಧವನ್ನು ತಡೆಯುತ್ತದೆ. ಹಾಗೆಂದು ಕಣ್ಣುಮುಚ್ಚಿ 13ನ್ನು ಕೊಳ್ಳುವಂತಿಲ್ಲ. 1 ಅಂಗುಲದ ಚೌಕಟ್ಟಿನಲ್ಲಿ ಅಷ್ಟು ಒತ್ತಾದ ಬಟ್ಟೆಯಿದ್ದರೆ ಹಳೆಯ ಬ್ಲೋವರಿಗೆ ಗಾಳಿ ಸಾಲದೆ ಫರ್ನೇಸ್ ವಿಪರೀತ ಕಾದು, ಅದರ ರಕ್ಷಣಾ ಸ್ವಿಚ್ ಮತ್ತೆ ಮತ್ತೆ ಬೆಂಕಿಯನ್ನು ಆರಿಸುತ್ತದೆ, ಬೇಸಿಗೆಯಲ್ಲಿ ಅದೇ ಬ್ಲೋವರನ್ನು ಬಳಸುವ ಎ.ಸಿ.ಯ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹೆಚ್ಚಿನ ಮನೆಗಳಿಗೆ ಮೆರ್ವ್ 8 ಅಥವಾ 11 ಸಾಕು. ಅದಕ್ಕೂ ಮೇಲಿನದು ಬೇಕಾದವರು 4 ಅಂಗುಲ ದಪ್ಪದ ಫಿಲ್ಟರ್ ಹಿಡಿಸುವ ಪೆಟ್ಟಿಗೆಯನ್ನು ತಂತ್ರಜ್ಞರಿಂದ ಕೂರಿಸಿಕೊಳ್ಳುವುದು ಒಳ್ಳೆಯದು. ಮಡಿಕೆಗಳು ಆಳವಾಗಿರುವುದರಿಂದ ಅದರಲ್ಲಿ ಗಾಳಿ ಸಲೀಸಾಗಿ ಹರಿಯುತ್ತದೆ. ತೆಳು ಫಿಲ್ಟರನ್ನು 1ರಿಂದ 3 ತಿಂಗಳಿಗೊಮ್ಮೆ, ದಪ್ಪನೆಯದನ್ನು 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಹಾಕಿದ ತಾರೀಖನ್ನು ಚೌಕಟ್ಟಿನ ಮೇಲೆಯೇ ಬರೆದಿಡಿ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ: ಡಕ್ಟಿನ ಸೋರಿಕೆಯನ್ನು ಹುಡುಕಿ ಮುಚ್ಚುವುದು. ಸಾಮಾನ್ಯ ಮನೆಯೊಂದರಲ್ಲಿ ಡಕ್ಟುಗಳ ಮೂಲಕ ಸಾಗುವ ಗಾಳಿಯ ಶೇ 20ರಿಂದ 30ರಷ್ಟು ಬಿರುಕು, ತೂತು, ಸಡಿಲ ಜೋಡಣೆಗಳಲ್ಲಿ ನಷ್ಟವಾಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ. ಸಪ್ಲೈ ಕಡೆಯ ತೂತಿನಿಂದ ಬಿಸಿಗಾಳಿ ವ್ಯರ್ಥವಾಗುತ್ತದೆ, ಅದು ಬಿಲ್ಲಿನ ಸಮಸ್ಯೆ. ರಿಟರ್ನ್ ಕಡೆಯ ತೂತಿನಿಂದ ಧೂಳು ಒಳಬರುತ್ತದೆ. ಅದರಲ್ಲೂ ಫಿಲ್ಟರಿಗೂ ಬ್ಲೋವರಿಗೂ ನಡುವೆ ತೂತಿದ್ದರೆ ಆ ಧೂಳನ್ನು ತಡೆಯುವವರು ಯಾರೂ ಇಲ್ಲ. ಹಳೆಯ ಮನೆಗಳಲ್ಲಿ ಎರಡು ಮರದ ಜಂತಿಗಳ ನಡುವಿನ ಜಾಗಕ್ಕೆ ಕೆಳಗಿನಿಂದ ತಗಡು ಹೊಡೆದು ಅದನ್ನೇ ರಿಟರ್ನ್ ಡಕ್ಟ್ ಮಾಡಿಬಿಟ್ಟಿರುತ್ತಾರೆ. ಇಂಥದ್ದರ ಅಂಚುಗಳು ಬಿಗಿಯಾಗಿರುವುದು ಅಪರೂಪ.

ಇದನ್ನು ಹುಡುಕಲು ಬೇಕಾದ ಉಪಕರಣ ನಮ್ಮವರ ದೇವರ ಕೋಣೆಯಲ್ಲೇ ಇದೆ. ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು, ಅಂದರೆ ಬ್ಲೋವರನ್ನು, ‘ಆನ್’ಗೆ ತಿರುಗಿಸಿ, ಹೊತ್ತಿಸಿದ ಊದುಬತ್ತಿಯನ್ನು ರಿಟರ್ನ್ ಡಕ್ಟಿನ ಪ್ರತಿಯೊಂದು ಜೋಡಣೆಯ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಸಾಗಿ. ನೆಟ್ಟಗೆ ಏರುತ್ತಿದ್ದ ಹೊಗೆ ಎಲ್ಲಿ ಸರಕ್ಕನೆ ಬಾಗಿ ಒಳಕ್ಕೆ ಸೇರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಗ್ಯಾಸಿನ ವಾಸನೆ ಲವಲೇಶ ಬಂದರೂ ಕಿಡಿಯ ಯಾವ ಕೆಲಸಕ್ಕೂ ಕೈಹಾಕದೆ ಮನೆಯಿಂದ ಹೊರಬಂದು ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗುರುತು ಮಾಡಿದ ಕಡೆಗಳಲ್ಲಿ ಮ್ಯಾಸ್ಟಿಕ್ ಎಂಬ ಗಟ್ಟಿ ಲೇಪವನ್ನು ಹಳೆಯ ಬ್ರಷ್ಷಿನಿಂದ ಬಳಿಯಿರಿ, ಅಥವಾ ಡಕ್ಟಿನ ಸಾಮಗ್ರಿಗಳ ಸುರಕ್ಷತಾ ಮಾನದಂಡವಾದ ಯು.ಎಲ್. 181 ಎಂದು ಅಚ್ಚಾಗಿರುವ ಅಲ್ಯೂಮಿನಿಯಂ ಹಾಳೆಯ ಟೇಪನ್ನು ಧೂಳು ಒರೆಸಿದ ತಗಡಿನ ಮೇಲೆ ಒತ್ತಿ ಅಂಟಿಸಿ. ‘ಡಕ್ಟ್ ಟೇಪ್’ ಎಂದೇ ಮಾರಾಟವಾಗುವ ಬೂದು ಬಟ್ಟೆಯ ಟೇಪು ಮಾತ್ರ ಈ ಕೆಲಸಕ್ಕೆ ಬಾರದು: 1998ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಪರೀಕ್ಷಿಸಿದಾಗ, ಡಕ್ಟಿನ ಬಿಸಿಗೆ ಅಂಟು ಬಿಟ್ಟು ಸೋತದ್ದು ಅದೇ. ಹೆಸರನ್ನು ನಂಬಿ ಕೊಂಡವರು ಪಾಪ, ಏನು ಮಾಡಿಯಾರು! ಎರಡು ಎಚ್ಚರಿಕೆಗಳಿವೆ. 1980ಕ್ಕಿಂತ ಹಿಂದಿನ ಮನೆಯಾಗಿದ್ದು ಡಕ್ಟಿನ ಜೋಡಣೆಗಳಿಗೆ ಬಿಳಿಯ, ಕಾಗದದಂತಹ ಪಟ್ಟಿ ಸುತ್ತಿದ್ದರೆ ಅದು ಉಸಿರಿಗೆ ಸೇರಿದರೆ ಅಪಾಯ ತರುವ ಆಸ್ಬೆಸ್ಟಾಸ್ ನಾರು ಆಗಿರಬಹುದು, ಕೀಳಬೇಡಿ, ಕೆರೆಯಬೇಡಿ. ಗ್ಯಾಸ್ ವಾಟರ್ ಹೀಟರ್ ಪಕ್ಕದಲ್ಲೇ ದೊಡ್ಡ ರಿಟರ್ನ್ ಸೋರಿಕೆಯಿದ್ದರೆ ಅದು ಹೀಟರಿನ ಹೊಗೆಯನ್ನೂ ಮನೆಯೊಳಕ್ಕೆ ಎಳೆಯಬಹುದಾದ್ದರಿಂದ, ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಅದೇ ದಿನ ನೋಡಿಕೊಳ್ಳಿ.

ಬೇಸ್‌ಮೆಂಟಿನಲ್ಲಿರುವಾಗಲೇ ಬಟ್ಟೆ ಒಣಗಿಸುವ ಡ್ರೈಯರಿನ ಹಿಂದಕ್ಕೂ ಒಮ್ಮೆ ಇಣುಕಿ. ನಾರು ತುಂಬಿದ ಗಾಳಿಯನ್ನು ಹೊರಗೆ ಬಿಡುವ ಅದರ ಕೊಳವೆ ಕಳಚಿಕೊಂಡಿದ್ದರೆ ಮನೆಯ ಧೂಳಿಗೆಲ್ಲ ಅದೊಂದೇ ಕಾರಣವಾಗಿರಲು ಸಾಕು. ಬೆಂಕಿಯ ಅಪಾಯ ಬೇರೆ.

ಇನ್ನು ಫ್ಯಾನ್. ಫಿಲ್ಟರ್ ಕೆಲಸ ಮಾಡುವುದು ಗಾಳಿ ಹರಿಯುವಾಗ ಮಾತ್ರ. ‘ಆಟೊ’ದಲ್ಲಿಟ್ಟರೆ ಚಳಿ ಕಡಿಮೆಯಿರುವ ದಿನಗಳಲ್ಲಿ ಅದು ಗಂಟೆಗಟ್ಟಲೆ ಸುಮ್ಮನಿರುತ್ತದೆ. ಸೋರಿಕೆ ಮುಚ್ಚಿದ ಮೇಲೆ, ಗಂಟೆಗೆ ಕಾಲು ಗಂಟೆ ಫ್ಯಾನ್ ಓಡಿಸುವ ‘ಸರ್ಕ್ಯುಲೇಟ್’ ಸೌಕರ್ಯವಿದ್ದರೆ ಬಳಸಿ. ಮುಚ್ಚುವ ಮೊದಲೇ ಹೀಗೆ ಮಾಡಿದರೆ ಧೂಳು ಹೆಚ್ಚಾದೀತು.

ಗುಡಿಸುವ ರೀತಿಯೂ ಬದಲಾಗಬೇಕು. ಊರಿನಿಂದ ಸೂಟ್‌ಕೇಸಿನಲ್ಲಿ ಕೊಂಡೊಯ್ದ ಪೊರಕೆಯಿಂದ ಗುಡಿಸಿದಾಗ ಏಳುವ ಸಣ್ಣ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿದ್ದು, ಫ್ಯಾನಿನ ಜೊತೆ ಮಾಳಿಗೆಯ ಮೇಲಿನ ಕೋಣೆಗಳಿಗೂ ಪ್ರಯಾಣ ಮಾಡುತ್ತದೆ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನ ಕಪಾಟಿನಿಂದ ಕೆಳಗಿನವರೆಗೆ ಒರೆಸಿ, ನೆಲವನ್ನೂ ಕಾರ್ಪೆಟ್ಟನ್ನೂ ಅತಿಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಕೊನೆಗೆ ತೆಗೆಯಬೇಕು. ರಿಟರ್ನ್ ಜಾಲರಿಗಳನ್ನು ವಾರಕ್ಕೊಮ್ಮೆ ಅದೇ ವ್ಯಾಕ್ಯೂಮಿನ ಬ್ರಷ್ಷಿನಿಂದ ಉಜ್ಜಿದರೆ ಅಲ್ಲಿ ಮೆತ್ತಿದ ನಾರು ಡಕ್ಟಿನೊಳಕ್ಕೆ ಹೋಗುವುದಿಲ್ಲ. ಆ ಜಾಲರಿಯ ಮುಂದೆ ಸೋಫಾ ಇಟ್ಟಿದ್ದರೆ ಸರಿಸಿ. ಒಗ್ಗರಣೆ ಹಾಕುವಾಗ ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ನಿಜವಾಗಿಯೂ ಹೊರಗೆ ಬಿಡುತ್ತದೆಯೋ ಅಥವಾ ಜಾಲರಿ ದಾಟಿಸಿ ಅಡುಗೆಮನೆಗೇ ಮರಳಿಸುತ್ತದೆಯೋ ಎಂದು ತಿಳಿದುಕೊಳ್ಳಿ. ದಿನವೂ ಊದುಬತ್ತಿ, ಕರ್ಪೂರ ಹಚ್ಚುವ ಮನೆಗಳಲ್ಲಿ ಕಾರ್ಪೆಟ್ಟಿನ ಅಂಚಿನಲ್ಲೂ ಮುಚ್ಚಿದ ಬಾಗಿಲಿನ ಅಡಿಯಲ್ಲೂ ಕಪ್ಪು ಗೆರೆ ಮೂಡುವುದುಂಟು. ಗಾಳಿ ನುಸುಳುವ ಕಡೆ ಕಾರ್ಪೆಟ್ಟೇ ಮಸಿಯನ್ನು ಸೋಸಿಕೊಂಡ ಗುರುತು ಅದು. ಪೂಜೆ ನಿಲ್ಲಿಸಬೇಕಾಗಿಲ್ಲ, ಎರಡು ಕಡ್ಡಿಯ ಬದಲು ಒಂದನ್ನು ಹಚ್ಚಿ ಹತ್ತಿರದ ಕಿಟಕಿಯನ್ನು ಬೆರಳಗಲ ತೆರೆದರೆ ಸಾಕು.

ಬಿಸಿಮಾಡಿದ ಚಳಿಗಾಲದ ಗಾಳಿ ಬಹಳ ಒಣಗಿರುವುದರಿಂದ ಬಟ್ಟೆ, ಪರದೆಗಳಿಗೆ ವಿದ್ಯುದಾವೇಶ ತುಂಬಿ ಧೂಳು ಅಂಟಿಕೊಳ್ಳುತ್ತದೆ. ತೇವಾಂಶವನ್ನು ಶೇ 30ರಿಂದ 50ರ ನಡುವೆ ಇಟ್ಟುಕೊಳ್ಳುವುದು ಹಿತ. ಅದಕ್ಕೂ ಮೀರಿದರೆ ಧೂಳಿನ ನುಸಿಗಳು ಬೆಳೆಯುತ್ತವೆ, ಕಿಟಕಿಯ ಗಾಜಿನಲ್ಲಿ ನೀರಿಳಿದು ಬೂಷ್ಟು ಹಿಡಿಯುತ್ತದೆ. ಮಗುವಿನ ಕೋಣೆಗೆಂದು ತಂದ, ಗಾಳಿಗೆ ತೇವ ಸೇರಿಸುವ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರಿಗೆ ನಲ್ಲಿಯ ಗಡಸು ನೀರನ್ನು ಹಾಕಿದರೆ ಅದರಲ್ಲಿರುವ ಸುಣ್ಣ ಗಾಳಿಗೆ ಸೇರಿ ಬಿಳಿಪುಡಿಯಾಗಿ ಎಲ್ಲೆಡೆ ಕೂರುತ್ತದೆ. ಕಪ್ಪು ಟಿ.ವಿ.ಯ ಮೇಲೆ ಬಿಳಿ ಧೂಳು ಕಂಡವರು ಮೊದಲು ಆ ಹ್ಯುಮಿಡಿಫೈಯರನ್ನು ಆರಿಸಿ ನೋಡಲಿ, ಇಲ್ಲವೇ ಡಿಸ್ಟಿಲ್ಡ್ ನೀರು ಹಾಕಲಿ.

ಇಷ್ಟೆಲ್ಲ ಆದ ಮೇಲೆಯೇ ಡಕ್ಟ್ ಶುಚಿಗೊಳಿಸುವವರನ್ನು ಕರೆಯುವ ಯೋಚನೆ ಮಾಡಬೇಕು. ಇಡೀ ಮನೆಯ ಡಕ್ಟುಗಳನ್ನು ಅಗ್ಗದ ಬೆಲೆಗೆ ತೊಳೆದುಕೊಡುತ್ತೇವೆ ಎಂಬ ಕರಪತ್ರಗಳು ಟಪಾಲು ಪೆಟ್ಟಿಗೆಗೆ ಬಂದು ಬೀಳುತ್ತಲೇ ಇರುತ್ತವೆ. ಬಂದವರು ಮನೆಯೊಳಗೆ ಕಾಲಿಟ್ಟ ಮೇಲೆ ಬೂಷ್ಟಿದೆ, ಔಷಧಿ ಹೊಡೆಯಬೇಕು ಎಂದು ಬೆಲೆ ಏರಿಸುವುದು ಹಳೆಯ ಕಥೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಕೆಲಸವನ್ನು ವಾಡಿಕೆಯಂತೆ ಮಾಡಿಸಬೇಕೆಂದು ಶಿಫಾರಸು ಮಾಡುವುದಿಲ್ಲ. ಕಣ್ಣಿಗೆ ಕಾಣುವ ಬೂಷ್ಟು, ಇಲಿ ಅಥವಾ ಹುಳಗಳ ಕಾಟ, ಜಾಲರಿಯಿಂದ ಕಸ ಉದುರುವಷ್ಟು ತುಂಬಿರುವುದು — ಇವು ಸರಿಯಾದ ಕಾರಣಗಳು. ಹೊಸದಾಗಿ ಕಟ್ಟಿದ ಟೌನ್‌ಹೌಸ್ ಕೊಂಡವರಿಗೆ ಇನ್ನೊಂದು ಕಾರಣವೂ ಇರಬಹುದು: ಗೋಡೆ ಉಜ್ಜುವಾಗ ಬಿದ್ದ ಜಿಪ್ಸಂ ಪುಡಿ, ಮರದ ಹೊಟ್ಟು ಡಕ್ಟಿನಲ್ಲೇ ಉಳಿದಿರುತ್ತದೆ. ನೆಲದ ಜಾಲರಿಯನ್ನು ಎತ್ತಿ, ಫೋನಿನ ಟಾರ್ಚ್ ಹಿಡಿದು ಒಳಗೆ ಒಂದು ಫೋಟೊ ತೆಗೆಯಿರಿ; ಕರೆಯಬೇಕೋ ಬೇಡವೋ ಎಂಬುದು ಅದರಲ್ಲೇ ಗೊತ್ತಾಗುತ್ತದೆ.