ಅಲ್ಟ್ರಾವೈಡ್ ಪರದೆಯಲ್ಲಿ ಸೊನ್ನೆ ಮೊಟ್ಟೆಯಾದರೆ

ನಾನು ಮೈಸೂರಿನಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಬರುವ ಕೆಲಸ ಹೆಚ್ಚಾಗಿ ಡೆಮಿ 1/8 ಅಳತೆಯ (ಸುಮಾರು 5.5×8.5 ಇಂಚು) ಪುಸ್ತಕಗಳದ್ದು. 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ತಂದದ್ದೂ ಅದಕ್ಕೇ. ಅದರ ಪರದೆ ಸುಮಾರು 31 ಇಂಚು ಅಗಲ, 13 ಇಂಚು ಎತ್ತರ. ನಾಲ್ಕು ಡೆಮಿ ಪುಟಗಳನ್ನು ಅಸಲಿ ಅಳತೆಯಲ್ಲೇ ಸಾಲಾಗಿ ಹರಡಿಕೊಂಡು ಕರಡು ತಿದ್ದಬಹುದು.

ಮೊದಲ ದಿನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಿದೆ. ಅನುಸ್ವಾರದ ಸೊನ್ನೆಗಳೆಲ್ಲ ಮಲಗಿಸಿಟ್ಟ ಕೋಳಿಮೊಟ್ಟೆಯ ಹಾಗೆ ಕಂಡವು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದವು. ಹೊಸ ಮಾನಿಟರ್ ಕೆಟ್ಟದ್ದೇ ಬಂತು ಅಂತ ತುಂಬಾ ಬೇಜಾರಾಯಿತು. ಆದರೆ ಮಾನಿಟರ್‌ನಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ಲ್ಯಾಪ್‌ಟಾಪಿನಿಂದ ಅದರವರೆಗಿನ ದಾರಿಯಲ್ಲಿ. ಅದನ್ನು ಹುಡುಕಲು ನನಗೆ ಮೂರು ದಿನ ಬೇಕಾಯಿತು. ನಿಮಗೆ ಅಷ್ಟು ಬೇಡ.

ಮೊದಲು ಕಾಯಿಲೆ ಯಾವುದು ಅಂತ ತಿಳಿದುಕೊಳ್ಳಿ. ವಿಂಡೋಸ್‌ನ ಪೇಂಟ್ ತೆರೆದು, ಶಿಫ್ಟ್ ಕೀ ಒತ್ತಿ ಹಿಡಿದು ಒಂದು ದೊಡ್ಡ ವೃತ್ತ ಎಳೆಯಿರಿ. ಮಕ್ಕಳ ಸ್ಕೇಲ್ ತಂದು ಪರದೆಯ ಮೇಲೇ ಹಗುರವಾಗಿ ಇಟ್ಟು ಅಳೆಯಿರಿ. ನನ್ನ ವೃತ್ತ 9 ಸೆಂ.ಮೀ. ಎತ್ತರವಿತ್ತು, 12 ಸೆಂ.ಮೀ. ಅಗಲವಿತ್ತು. ಇದಕ್ಕೆ ಲೆಕ್ಕವಿದೆ. ನನ್ನ ಮಾನಿಟರ್‌ನ ನಿಜವಾದ ರೆಸಲ್ಯೂಷನ್, ಅಂದರೆ ಅಡ್ಡಕ್ಕೂ ಉದ್ದಕ್ಕೂ ಇರುವ ಚುಕ್ಕಿಗಳ ಲೆಕ್ಕ, 3440×1440. ಬರುತ್ತಿದ್ದ ಚಿತ್ರ 1920×1080. ಅದನ್ನು ಮಾನಿಟರ್ ಅಡ್ಡಕ್ಕೆ 1.79 ಪಟ್ಟು ಎಳೆಯುತ್ತದೆ, ಉದ್ದಕ್ಕೆ 1.33 ಪಟ್ಟು ಮಾತ್ರ. ಹಾಗಾಗಿ ಎಲ್ಲವೂ ಮೂರರಲ್ಲೊಂದು ಪಾಲು ಜಾಸ್ತಿ ಅಗಲವಾಗಿ ಕಾಣುತ್ತದೆ.

ವೃತ್ತ ಗುಂಡಗೇ ಇದ್ದು ಎಡಬಲಕ್ಕೆ ಕಪ್ಪು ಪಟ್ಟಿ ಇದ್ದರೆ, ಬರುತ್ತಿರುವುದು 1920×1080ರ ಹಾಗೆ 16:9 ಅನುಪಾತದ ಚಿತ್ರವೇ, ಆದರೆ ಯಾರೂ ಅದನ್ನು ಹಿಗ್ಗಿಸುತ್ತಿಲ್ಲ. ವೃತ್ತ ಗುಂಡಗಿದೆ, ಪರದೆ ತುಂಬಿದೆ, ಅಕ್ಷರ ಮಾತ್ರ ಮಸುಕು ಅಂದರೆ 2560×1080 ಬರುತ್ತಿರಬಹುದು. ಇದು ಮೋಸಗೊಳಿಸುವ ಸ್ಥಿತಿ. ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಣ್ಣಿಗೆ ತಪ್ಪು ಗೊತ್ತಾಗುವುದಿಲ್ಲ, ಸಂಜೆ ಹೊತ್ತಿಗೆ ತಲೆನೋವು ಬರುತ್ತದೆ ಅಷ್ಟೇ. ಎಲ್ಲವೂ ಸರಿಯಾಗಿದ್ದು ಮೌಸ್ ಬಾಣ ಮಾತ್ರ ಕೈಗಿಂತ ಹಿಂದೆ ಬೀಳುತ್ತಿದ್ದರೆ, ರೆಸಲ್ಯೂಷನ್ ಸಿಕ್ಕಿದೆ, ಆದರೆ ಸೆಕೆಂಡಿಗೆ 30 ಚಿತ್ರ ಮಾತ್ರ ಬರುತ್ತಿದೆ ಅಂತ ಅರ್ಥ.

ಈಗ ಎರಡು ಕಡೆ ಕೇಳಿ ನೋಡಿ. ಒಂದು, ಕಂಪ್ಯೂಟರ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇ. ಅಲ್ಲಿ ಮೇಲೆ ಸರಿಯಾದ ಮಾನಿಟರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಪರದೆಯ ವಿವರ ನೋಡುತ್ತಾ ಕೂರುತ್ತೀರಿ. ಡೆಸ್ಕ್‌ಟಾಪ್ ಮೋಡ್ ಮತ್ತು ಆಕ್ಟಿವ್ ಸಿಗ್ನಲ್ ಮೋಡ್ ಎಂಬ ಎರಡು ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಎರಡು, ಮಾನಿಟರ್. ಅದರ ಗುಂಡಿ ಒತ್ತಿದರೆ ಬರುವ ಮೆನುವಿನಲ್ಲಿ ಇನ್ಫರ್ಮೇಷನ್ ಅಂತ ಒಂದು ಪುಟ ಇರುತ್ತದೆ. ತನಗೆ ಏನು ಬರುತ್ತಿದೆ ಎಂದು ಅದು ಹೇಳುತ್ತದೆ. ಡೆಸ್ಕ್‌ಟಾಪ್ ಚಿಕ್ಕದು, ಸಿಗ್ನಲ್ 3440×1440 ಅಂತ ಬಂದರೆ ನೀವು ಬದುಕಿದಿರಿ. ದಾರಿ ಚೆನ್ನಾಗಿದೆ, ಡಿಸ್ಪ್ಲೇ ಪುಟದಲ್ಲಿ ರೆಸಲ್ಯೂಷನ್ ಬದಲಿಸಿದರೆ ಸಾಕು. ಎರಡೂ ಚಿಕ್ಕದು, ಪಟ್ಟಿಯಲ್ಲಿ 3440 ಅನ್ನುವ ಸಂಖ್ಯೆಯೇ ಇಲ್ಲ ಅಂದರೆ ಮುಂದೆ ಓದಿ.

ದುಡ್ಡು ಖರ್ಚಿಲ್ಲದ ಕಾರಣಗಳನ್ನು ಮೊದಲು ಮುಗಿಸಿಬಿಡೋಣ. ವಿಂಡೋಸ್ ಕೀ ಜೊತೆ ಪಿ ಒತ್ತಿ. ಡೂಪ್ಲಿಕೇಟ್ ಎಂದಿದ್ದರೆ ಎರಡೂ ಪರದೆಗೆ ಹೊಂದುವ ಒಂದೇ ಅಳತೆಯನ್ನು ವಿಂಡೋಸ್ ಆರಿಸುತ್ತದೆ. ಹೆಚ್ಚಾಗಿ ಅದು ಲ್ಯಾಪ್‌ಟಾಪಿನ ಅಳತೆ. ಎಕ್ಸ್‌ಟೆಂಡ್ ಮಾಡಿ. ನನ್ನ ಪರಿಚಯದ ಇಬ್ಬರ ಸಮಸ್ಯೆ ಇಲ್ಲಿಗೇ ಮುಗಿದಿದೆ.

ಪಟ್ಟಿಯಲ್ಲಿ 1720×1440 ಅನ್ನುವ ವಿಚಿತ್ರ ಅಳತೆ ಕಂಡರೆ ಗಾಬರಿ ಬೇಡ. ಅದು 3440ರ ಸರಿಯಾಗಿ ಅರ್ಧ. ಮಾನಿಟರ್ ಮೆನುವಿನಲ್ಲಿ ಪಿಬಿಪಿ, ಅಂದರೆ ಎರಡು ಕಂಪ್ಯೂಟರ್‌ಗಳ ಚಿತ್ರವನ್ನು ಪಕ್ಕಪಕ್ಕ ತೋರಿಸುವ ವ್ಯವಸ್ಥೆ ಆನ್ ಆಗಿದೆ. ಆಫ್ ಮಾಡಿ. ಅದೇ ಮೆನುವಿನಲ್ಲಿ ಡಿಸ್ಪ್ಲೇಪೋರ್ಟ್ 1.1 ಅಥವಾ 1.2, ಎಚ್‌ಡಿಎಂಐ 1.4 ಅಥವಾ 2.0 ಎಂದು, ಅಂದರೆ ಕೇಬಲ್ ಸಿಕ್ಕಿಸುವ ಪೋರ್ಟಿನ ಆವೃತ್ತಿ ಆರಿಸುವ ಆಯ್ಕೆ ಕೆಲವು ಮಾನಿಟರ್‌ಗಳಲ್ಲಿ ಇರುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಹಳೆಯದಕ್ಕೆ ಇಟ್ಟಿರಬಹುದು. ಹೊಸದಕ್ಕೆ ಬದಲಿಸಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಪ್ಲೇ ಅಡಾಪ್ಟರ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್' ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶ, ಇಲ್ಲವೇ ಇಲ್ಲ. ಇಂಟೆಲ್, ಎಎಂಡಿ, ಎನ್‌ವಿಡಿಯಾ, ಯಾರದ್ದು ಇದೆಯೋ ಅವರ ಡ್ರೈವರ್ ಹಾಕಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ರೆಸಲ್ಯೂಷನ್ ಪಟ್ಟಿ ಎರಡು ಭಾಗವಾಗಿರುತ್ತದೆ. ಮೇಲೆ ಟಿವಿಯ ಅಳತೆಗಳು, ಕೆಳಗೆ ಪಿಸಿ ಎಂಬ ತಲೆಬರಹದಡಿ ನಿಮ್ಮ ಅಳತೆ. ಕೆಳಗಿನವರೆಗೂ ಎಳೆದು ನೋಡಿ. ಮೇಜಿನ ಕಂಪ್ಯೂಟರ್ ಆದರೆ ಹಿಂಭಾಗ ನೋಡಿ: ಕೇಬಲನ್ನು ಮದರ್‌ಬೋರ್ಡಿನ ತೂತಿಗೆ ಹಾಕಿದ್ದೀರೋ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೋ? ಕಾರ್ಡಿಗೇ ಹೋಗಬೇಕು.

ಇನ್ನೊಂದು. ಮಾನಿಟರ್ ತನ್ನ ಹೆಸರು, ತಾನು ತೋರಿಸಬಲ್ಲ ಅಳತೆಗಳು ಎಲ್ಲವನ್ನೂ ಒಂದು ಸಣ್ಣ ಚೀಟಿಯ ಹಾಗೆ ಕಂಪ್ಯೂಟರ್‌ಗೆ ಕಳಿಸುತ್ತದೆ. ಇದಕ್ಕೆ ಇಡಿಐಡಿ ಎನ್ನುತ್ತಾರೆ. ಈ ಚೀಟಿ ತಲುಪದಿದ್ದರೆ ಕಂಪ್ಯೂಟರ್ ಹೆದರಿಕೊಂಡು ಚಿಕ್ಕ ಅಳತೆ ಕಳಿಸುತ್ತದೆ. ಮಾನಿಟರ್‌ನ ಪವರ್ ವೈರ್ ಗೋಡೆಯಿಂದ ಕಿತ್ತು, ಎರಡೂ ಕಡೆ ಕೇಬಲ್ ಬಿಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಬರೀ ಗುಂಡಿ ಒತ್ತಿ ಆಫ್ ಮಾಡಿದರೆ ಸಾಲದು. ನಡುವೆ ಕೆವಿಎಂ ಸ್ವಿಚ್ಚೋ (ಒಂದೇ ಮಾನಿಟರನ್ನು ಎರಡು ಕಂಪ್ಯೂಟರಿಗೆ ಹಂಚುವ ಡಬ್ಬಿ) ಎಕ್ಸ್‌ಟೆಂಡರೋ ಇದ್ದರೆ ಪರೀಕ್ಷೆ ಮುಗಿಯುವವರೆಗೆ ತೆಗೆದಿಡಿ. ಚೀಟಿ ಕಳೆದುಹೋಗುವುದು ಹೆಚ್ಚಾಗಿ ಅಲ್ಲಿಯೇ.

ಇಷ್ಟಾದರೂ ಸರಿಹೋಗದಿದ್ದರೆ ಸಮಸ್ಯೆ ಕೊಳವೆಯದ್ದು, ಅಂದರೆ ಚಿತ್ರ ಸಾಗುವ ಪೋರ್ಟ್ ಮತ್ತು ಕೇಬಲಿನದ್ದು. ನನ್ನದು ಇದೇ ಆಗಿತ್ತು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

3440×1440 ಅಂದರೆ ಸುಮಾರು 49.5 ಲಕ್ಷ ಚುಕ್ಕಿಗಳು. ಮಾಮೂಲಿ 1920×1080 ಪರದೆಯಲ್ಲಿರುವುದು 20.7 ಲಕ್ಷ. ಸೆಕೆಂಡಿಗೆ 60 ಸಲ, ಅಂದರೆ 60 ಹರ್ಟ್ಸ್ ವೇಗದಲ್ಲಿ, ಇವನ್ನೆಲ್ಲ ಸಾಗಿಸಬೇಕು. ಚುಕ್ಕಿಗಳು ಹರಿಯುವ ಈ ವೇಗವನ್ನು ಪಿಕ್ಸೆಲ್ ಕ್ಲಾಕ್ ಎನ್ನುತ್ತಾರೆ, ಮೆಗಾಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಹಳೆಯ ಕಾಲದ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಲ್ಲಿ ಕಿರಣ ಒಂದು ಸಾಲು ಮುಗಿಸಿ ಮತ್ತೆ ಎಡಕ್ಕೆ ಬರಲು ಸಮಯ ಬೇಕಿತ್ತು. ಆ ಖಾಲಿ ಸಮಯವನ್ನೂ ಸೇರಿಸಿದರೆ 3440×1440ಕ್ಕೆ 60 ಹರ್ಟ್ಸ್‌ನಲ್ಲಿ 419.5 ಮೆಗಾಹರ್ಟ್ಸ್ ಬೇಕು. ಈಗಿನ ಪರದೆಗಳಿಗೆ ಆ ಬಿಡುವು ಬೇಡ. ಅದನ್ನು ಕಡಿಮೆ ಮಾಡಿದ ಲೆಕ್ಕದಲ್ಲಿ 319.75 ಸಾಕು. ಇದಕ್ಕೆ ರೆಡ್ಯೂಸ್ಡ್ ಬ್ಲಾಂಕಿಂಗ್ ಅಂತ ಹೆಸರು.

ಎಚ್‌ಡಿಎಂಐ 1.4ರ ಮಿತಿ 340 ಮೆಗಾಹರ್ಟ್ಸ್. ಹಾಗಾದರೆ 319.75 ಹಿಡಿಸಬೇಕಲ್ವಾ? ಕಾಗದದ ಮೇಲೆ ಹಿಡಿಸುತ್ತದೆ. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಸುಮಾರು 300ಕ್ಕೇ ನಿಂತುಬಿಡುತ್ತವೆ. ನನ್ನದು ಅಂಥದ್ದೇ. ಎಚ್‌ಡಿಎಂಐ 2.0 ಇದ್ದರೆ ಮಿತಿ 600, ಚಿಂತೆಯೇ ಇಲ್ಲ, 100 ಹರ್ಟ್ಸ್ ಕೂಡ ಸಿಗುತ್ತದೆ. ಹಳೆಯ ಪೋರ್ಟ್ ಬಿಟ್ಟು ಬೇರೆ ಗತಿ ಇಲ್ಲದವರು 50 ಹರ್ಟ್ಸ್‌ನಲ್ಲಿ ಪ್ರಯತ್ನಿಸಿ. ಅದಕ್ಕೆ ಸುಮಾರು 265 ಮೆಗಾಹರ್ಟ್ಸ್ ಸಾಕು. ಓದು-ಬರಹದ ಕೆಲಸಕ್ಕೆ 50 ಹರ್ಟ್ಸ್ ಏನೂ ತೊಂದರೆ ಕೊಡುವುದಿಲ್ಲ.

ಎರಡನೇ ದಿನ ನಾನು ಅಂಗಡಿಗೆ ಹೋಗಿ ಟೈಪ್-ಸಿ ಹಬ್, ಅಂದರೆ ಒಂದು ಪೋರ್ಟನ್ನು ಹಲವಾಗಿಸುವ ಸಣ್ಣ ಸಾಧನ, ತಂದೆ. ಡಬ್ಬಿಯ ಮೇಲೆ ದೊಡ್ಡದಾಗಿ 4ಕೆ ಅಂತಿತ್ತು. ಸಿಕ್ಕಿಸಿದೆ, 3440×1440 ಬಂತು, ಸೊನ್ನೆ ಗುಂಡಗಾಯಿತು. ಖುಷಿಯಿಂದ ಮೌಸ್ ಅಲ್ಲಾಡಿಸಿದರೆ ಬಾಣ ಎಳೆದುಕೊಂಡು ಬರುತ್ತಿದೆ! ಡಬ್ಬಿ ತಿರುಗಿಸಿ ನೋಡಿದೆ, ಸಣ್ಣ ಅಕ್ಷರದಲ್ಲಿ 30 ಹರ್ಟ್ಸ್ ಅಂತಿತ್ತು. ಹಬ್ ಕೊಳ್ಳುವಾಗ 4ಕೆ ಅನ್ನುವ ಮಾತಿನ ಪಕ್ಕದ ಹರ್ಟ್ಸ್ ಸಂಖ್ಯೆ ಓದದೆ ದುಡ್ಡು ಕೊಡಬೇಡಿ. 60 ಅಂತಲೇ ಇರಬೇಕು.

ಮೂರನೇ ದಿನ ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ಡಿಸ್ಪ್ಲೇಪೋರ್ಟ್ ಇರುವ ನೇರ ಕೇಬಲ್ ತಂದೆ. ಅದರಿಂದ ಎಲ್ಲವೂ ಸರಿಯಾಯಿತು. 60 ಹರ್ಟ್ಸ್ ಅಲ್ಲ, ಮಾನಿಟರ್‌ನ ಪೂರ್ತಿ 100 ಹರ್ಟ್ಸ್ ಬಂತು. ಆದರೆ ಎಲ್ಲ ಟೈಪ್-ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ. ಪಕ್ಕದಲ್ಲಿ ಡಿಸ್ಪ್ಲೇಪೋರ್ಟ್‌ನ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ಕಳಿಸುತ್ತದೆ. ಗುರುತಿಲ್ಲದಿದ್ದರೆ ನಿಮ್ಮ ಮಾಡೆಲ್‌ನ ವಿವರಪಟ್ಟಿಯಲ್ಲಿ 'ಡಿಸ್ಪ್ಲೇಪೋರ್ಟ್ ಆಲ್ಟ್ ಮೋಡ್' ಎಂಬ ಮಾತಿದೆಯಾ ನೋಡಿ. ಫೋನ್ ಚಾರ್ಜ್ ಮಾಡುವ ಸಾಧಾರಣ ಟೈಪ್-ಸಿ ಕೇಬಲ್‌ನಲ್ಲಿ ಚಿತ್ರ ಸಾಗುವ ತಂತಿಗಳೇ ಇರುವುದಿಲ್ಲ.

ಡಿಸ್ಪ್ಲೇಪೋರ್ಟ್‌ನಲ್ಲಿ ನಾಲ್ಕು ದಾರಿಗಳಿವೆ. 1.2 ಆವೃತ್ತಿಯಲ್ಲಿ ನಾಲ್ಕೂ ಸೇರಿ ಸೆಕೆಂಡಿಗೆ 17.28 ಗಿಗಾಬಿಟ್ ಸಾಗಿಸುತ್ತವೆ. 3440×1440ಕ್ಕೆ 100 ಹರ್ಟ್ಸ್‌ನಲ್ಲಿ ಅದು ಧಾರಾಳ. 144 ಹರ್ಟ್ಸ್ ಬೇಕಾದರೆ 1.3 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಬೇಕು. ಡಾಕ್ ಅಥವಾ ಹಬ್ ಯುಎಸ್‌ಬಿ 3 ವೇಗವನ್ನೂ ಕೊಡುತ್ತಿದ್ದರೆ ಅದು ಎರಡು ದಾರಿಗಳನ್ನು ಕಿತ್ತುಕೊಂಡಿರುತ್ತದೆ. ಆಗ 1.2 ಆವೃತ್ತಿಯಲ್ಲಿ ಚಿತ್ರಕ್ಕೆ ಉಳಿಯುವುದು 8.64 ಗಿಗಾಬಿಟ್. 60 ಹರ್ಟ್ಸ್‌ಗೆ ಬೇಕಾದ್ದು ಸುಮಾರು 7.7, ಹಿಡಿಸುತ್ತದೆ. 100 ಹರ್ಟ್ಸ್ ಹಿಡಿಸುವುದಿಲ್ಲ. 'ನೇರ ಹಾಕಿದರೆ 100 ಬರುತ್ತದೆ, ಡಾಕ್ ಮೂಲಕ 60 ಮಾತ್ರ' ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಡಿಸ್ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಪಿನ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ಪ್ಯಾಸಿವ್ ಎನ್ನುವ ಮಾದರಿ 165 ಅಥವಾ 300 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಂಥ ಕೇಬಲ್‌ಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ ಅನ್ನುವುದೂ ನೆನಪಿರಲಿ. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಮಾನಿಟರ್‌ನ ಡಿಸ್ಪ್ಲೇಪೋರ್ಟ್‌ಗೆ ಅದೇ ಕೇಬಲ್ ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಎಚ್‌ಡಿಎಂಐ ಕೇಬಲ್ ಕೊಳ್ಳುವುದಾದರೆ 'ಪ್ರೀಮಿಯಂ ಹೈ ಸ್ಪೀಡ್' ಎಂಬ ಗುರುತು ನೋಡಿ ತನ್ನಿ. ಮೂರು ಮೀಟರ್ ಉದ್ದದ ಆಸೆ ಬಿಡಿ, ಒಂದೂವರೆ ಸಾಕು.

ದಾರಿ ಸರಿಯಿದ್ದೂ ಪಟ್ಟಿಯಲ್ಲಿ ಅಳತೆ ಬರದಿದ್ದರೆ ಮಾತ್ರ ಕಸ್ಟಮ್ ರೆಸಲ್ಯೂಷನ್ ಕೈಗೆತ್ತಿಕೊಳ್ಳಿ. ಗ್ರಾಫಿಕ್ಸ್ ಕಂಪನಿಯ ಕಂಟ್ರೋಲ್ ಪ್ಯಾನಲ್‌ನಲ್ಲಿ ಅದಕ್ಕೆ ಜಾಗವಿದೆ. 3440, 1440, 60 ಹಾಕಿ, ಟೈಮಿಂಗ್ ಎಂಬಲ್ಲಿ ರೆಡ್ಯೂಸ್ಡ್ ಬ್ಲಾಂಕಿಂಗ್ ಆರಿಸಿ. ಪರದೆ ಕಪ್ಪಾದರೆ ಏನನ್ನೂ ಮುಟ್ಟದೆ ಕಾಯಿರಿ, ತುಸು ಹೊತ್ತಿಗೆ ಹಳೆಯ ಅಳತೆ ತಾನಾಗಿ ಮರಳುತ್ತದೆ. ಮರಳದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಮ್ಯಾಕ್ ಬಳಸುವವರು ಡಿಸ್ಪ್ಲೇಸ್ ಪುಟದ ಅಡ್ವಾನ್ಸ್ಡ್‌ನಲ್ಲಿ ಎಲ್ಲ ರೆಸಲ್ಯೂಷನ್‌ಗಳನ್ನು ಪಟ್ಟಿಯಾಗಿ ತೋರಿಸುವ ಆಯ್ಕೆ ಆನ್ ಮಾಡಿದರೆ ಅಡಗಿದ್ದೆಲ್ಲ ಹೊರಗೆ ಬರುತ್ತದೆ.

ಕಾಯಿಲೆಯಲ್ಲದ ಒಂದನ್ನು ಕಾಯಿಲೆ ಅಂದುಕೊಳ್ಳಬೇಡಿ. ಮಾಮೂಲಿ 16:9 ವಿಡಿಯೋವನ್ನು ಪೂರ್ತಿ ಪರದೆಗೆ ಹಾಕಿದಾಗ ಎಡಕ್ಕೆ 440, ಬಲಕ್ಕೆ 440 ಚುಕ್ಕಿಯಷ್ಟು ಕಪ್ಪು ಉಳಿಯಲೇಬೇಕು. ಅದನ್ನು ತುಂಬಿಸಲು ಹೊರಟರೆ ಮುಖಗಳು ಅಗಲವಾಗುತ್ತವೆ.

ಅಕ್ಷರ ಚಿಕ್ಕದು ಅಂತ ರೆಸಲ್ಯೂಷನ್ ಇಳಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 34 ಇಂಚಿನಲ್ಲಿ 3440×1440 ಅಂದರೆ ಇಂಚಿಗೆ ಸುಮಾರು 110 ಚುಕ್ಕಿ. ಅದೇ 34 ಇಂಚಿನಲ್ಲಿ 2560×1080 ಅಂದರೆ 82. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಹೇಗೋ ಬದುಕುತ್ತದೆ. ಕನ್ನಡದಲ್ಲಿ 'ಷ್ಟ್ರ' ಬರೆದರೆ ಒಂದರ ಕೆಳಗೆ ಎರಡು ಒತ್ತು ಕೂರಬೇಕು, ಅದಕ್ಕೆ ಚುಕ್ಕಿಗಳು ಬೇಕು. ರೆಸಲ್ಯೂಷನ್ ಪೂರ್ತಿ ಇಟ್ಟುಕೊಂಡೇ ಸ್ಕೇಲ್ ಎಂಬಲ್ಲಿ 125 ಮಾಡಿ. ಆಮೇಲೆ ಹುಡುಕುವ ಜಾಗದಲ್ಲಿ ಕ್ಲಿಯರ್‌ಟೈಪ್ ಅಂತ ಬರೆದು, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಹಿತವಾದದ್ದನ್ನು ಆರಿಸಿ.

ಎಲ್ಲ ಸರಿಹೋದ ಮೇಲೆ ಯಾವ ಪೋರ್ಟ್, ಯಾವ ಕೇಬಲ್, ಎಷ್ಟು ಹರ್ಟ್ಸ್, ಡ್ರೈವರ್‌ನ ಆವೃತ್ತಿ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಬೆನ್ನಿಗೆ ಅಂಟಿಸಿ. ನನ್ನ ಚೀಟಿ ಅಲ್ಲೇ ಇದೆ. ಒಂದು ಅಪ್‌ಡೇಟ್ ಆದ ಮಾರನೇ ಬೆಳಿಗ್ಗೆ ಸೊನ್ನೆಗಳು ಮತ್ತೆ ಮೊಟ್ಟೆಯಾಗಿದ್ದವು. ಚೀಟಿ ನೋಡಿ ಹಳೆಯ ಡ್ರೈವರಿಗೆ ಮರಳಿದೆ. ಕಾಫಿ ಆರುವ ಮೊದಲೇ ಪುಟಗಳು ಸರಿಯಾದವು.