ಪವನಾ ದಂಡೆಯೋ, ಭಂಡಾರದರಾವೋ: ಟೆಂಟ್ ಹಾಕುವ ಜಾಗ ಆರಿಸುವುದು ಹೇಗೆ

ಅಕ್ಟೋಬರ್ ಬಂತು ಅಂದರೆ ನಮ್ಮ ಬಳಗದವರ ಫೋನು ಶುರು. "ವೈನಿ, ಈ ಶನಿವಾರ ಪವನಾಕ್ಕ ಹೋಗಬೇಕಂತೀವಿ, ಒಂದು ಛಲೋ ಜಾಗ ಹೇಳ್ರಿ." ಪವನಾ ಅಂದರೆ ಪುಣೆ ಹತ್ತಿರದ ಡ್ಯಾಮು, ಅದರ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕಿ ರಾತ್ರಿ ಉಳಿಸುತ್ತಾರೆ. ಪುಣೆ ಪಕ್ಕದ ನಮ್ಮ ನಿಗಡಿಯ ಅಕ್ಕಪಕ್ಕದವರಿಗೆ, ಡೊಂಬಿವಲಿಯ ನಾದಿನಿಗೆ, ಅವಳ ಆಫೀಸಿನವರಿಗೆ ಹೇಳಿ ಹೇಳಿ ನನಗೆ ಇದು ಬಾಯಿಪಾಠ ಆಗಿದೆ. ಜಾಗದ ಹೆಸರು ಮಾತ್ರ ಮೊದಲು ಹೇಳುವುದಿಲ್ಲ. ಯಾರ್ಯಾರು ಹೋಗುತ್ತೀರಿ, ಯಾವ ತಿಂಗಳು, ವಾರದ ಯಾವ ದಿನ? ಇಷ್ಟು ಗೊತ್ತಾದರೆ ಅರ್ಧ ಜಾಗಗಳು ತಾವೇ ಬಿದ್ದುಹೋಗುತ್ತವೆ. ಫೋಟೊ ನೋಡಿ ಆರಿಸುವವರಿಗೆ ಎಲ್ಲ ಜಾಗವೂ ಒಂದೇ. ಹಳದಿ ಟೆಂಟು, ಹಿಂದೆ ನೀರು, ಮೇಲೆ ಬಲ್ಬಿನ ಸರ.

ಮೊದಲು ಯಾರು ಅನ್ನುವುದು. ನಮ್ಮ ಜೊತೆ ಅತ್ತೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು. ಹಾಗಾಗಿ ನನ್ನ ಹುಡುಕಾಟ ನೀರಿನಿಂದ ಅಲ್ಲ, ಸಂಡಾಸಿನಿಂದ ಶುರುವಾಗುತ್ತದೆ. ಕಮೋಡ್ ಇದೆಯಾ? ಟೆಂಟಿನಿಂದ ಎಷ್ಟು ಹೆಜ್ಜೆ? ದಾರಿಯಲ್ಲಿ ಮೆಟ್ಟಿಲಿದೆಯಾ, ದೀಪ ಇದೆಯಾ? ಬೆಳಗ್ಗೆ 7 ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದಾ? ಈ ಕೊನೆಯ ಪ್ರಶ್ನೆ ದೊಡ್ಡದು. ಶನಿವಾರ ರಾತ್ರಿ ಎಲ್ಲ ಟೆಂಟು ತುಂಬಿದಾಗ ಸಿಂಟೆಕ್ಸ್ ಟಾಕಿ ಬೆಳಗಾಗುವುದರೊಳಗೆ ಖಾಲಿಯಾಗುವ ಜಾಗಗಳಿವೆ. ಎಷ್ಟು ಟೆಂಟಿಗೆ ಎಷ್ಟು ಸಂಡಾಸು ಅಂತ ಕೇಳಿಬಿಡಿ. ಐದಾರು ಟೆಂಟಿಗೆ ಒಂದಿದ್ದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಬೆಳಗ್ಗೆ ಸಾಲು. ಇನ್ನು ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದು. ಪವನಾ ಸುತ್ತ ಬಹಳ ಕಡೆ ರಸ್ತೆ ಮೇಲೆ, ಟೆಂಟು ಕೆಳಗೆ ನೀರಿನ ಹತ್ತಿರ. ನಡುವೆ ಹೊಲದ ಇಳಿಜಾರು. ಇಳಿಯುವಾಗ ಏನೂ ಅನಿಸುವುದಿಲ್ಲ. ಕತ್ತಲಲ್ಲಿ ಮಗು ಎತ್ತಿಕೊಂಡು ಹತ್ತುವಾಗ ಗೊತ್ತಾಗುತ್ತದೆ.

ಬರೀ ಹುಡುಗರ ಗುಂಪಾದರೆ ಇದೆಲ್ಲ ಬೇಕಿಲ್ಲ. ರಾಜಮಾಚಿ ಕೋಟೆ ಕಡೆ ಹೋಗಿ, ಅಲ್ಲಿನ ಉಧೇವಾಡಿಯಲ್ಲಿ ಹಳ್ಳಿಯವರ ಮನೆಯಲ್ಲಿ ಪಿಠಲ-ಭಾಕರಿ ತಿಂದು ಅಂಗಳದಲ್ಲಿ ಮಲಗಿ. ಕೋಟೆ ಮೇಲೇ ಟೆಂಟು ಹಾಕುವ ಆಸೆ ಇದ್ದರೆ, ರಾತ್ರಿ ಉಳಿಯಲು ಬಿಡುತ್ತಾರಾ ಅಂತ ಕೆಳಗಿನ ಹಳ್ಳಿಯಲ್ಲಿ ವಿಚಾರಿಸಿಯೇ ಹತ್ತಿ. ಬುರುಜಿನ ಕೆಳಗೆ, ಬಂಡೆಯ ಸಂದಿಯಲ್ಲಿ ಹೆಜ್ಜೇನಿನ ಗೂಡು ಇವೆಯಾ ಅಂತ ಹಗಲಲ್ಲೇ ನೋಡಿಕೊಳ್ಳಿ. ಅದರ ಕೆಳಗೆ ಒಲೆ ಹಚ್ಚಿ ಹೊಗೆ ಎಬ್ಬಿಸಿದರೆ ಓಡಲೂ ಜಾಗ ಇರುವುದಿಲ್ಲ.

ತಿಂಗಳು ನೋಡಿ, ಆಮೇಲೆ ಜಾಗ

ಇಲ್ಲಿನ ಕ್ಯಾಂಪಿನ ಜಾಗಗಳು ಹೆಚ್ಚಿನವು ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿವೆ. ಪವನಾ, ಪಾನಶೇತ್, ವರಸಗಾಂವ್, ಮುಳಶಿ, ಭಂಡಾರದರಾ, ಎಲ್ಲವೂ. ಡ್ಯಾಮು ಅಂದಮೇಲೆ ನೀರು ಏರುತ್ತದೆ, ಇಳಿಯುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ನೀರು ಹುಲ್ಲಿನ ಅಂಚಿನವರೆಗೆ ಇರುತ್ತದೆ. ಜಾಹೀರಾತಿನ ಫೋಟೊ ಎಲ್ಲ ಆಗ ತೆಗೆದದ್ದು. ಏಪ್ರಿಲ್ಲಿಗೆ ಹೋದರೆ ಅದೇ ಟೆಂಟಿನ ಮುಂದೆ ದೂರದವರೆಗೆ ಒಣಗಿ ಬಿರುಕು ಬಿಟ್ಟ ಕೆಸರು. ಅದರ ಮೇಲೆ ಮಕ್ಕಳನ್ನು ಬಿಡಬೇಡಿ. ಮೇಲ್ಪದರ ಗಟ್ಟಿ ಕಾಣುತ್ತದೆ, ನೀರಿನ ಹತ್ತಿರ ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುತ್ತದೆ.

ನೀರು ಎಲ್ಲಿದೆ ಅಂತ ಮನೆಯಲ್ಲೇ ಕೂತು ತಿಳಿಯಬಹುದು. ಪಿಂಪ್ರಿ-ಚಿಂಚವಡದವರ ನಲ್ಲಿಗೆ ಹೆಚ್ಚಾಗಿ ಬರುವುದು ಪವನಾ ನೀರೇ. ನದಿಗೆ ಬಿಟ್ಟದ್ದನ್ನು ರಾವೇತ್‌ನಲ್ಲಿ ಎತ್ತಿ ಇಲ್ಲಿಗೆ ತರುತ್ತಾರೆ. ಹಾಗಾಗಿ ಡ್ಯಾಮು ಎಷ್ಟು ಪರ್ಸೆಂಟ್ ತುಂಬಿದೆ ಅಂತ ಇಲ್ಲಿನ ಮರಾಠಿ ಪೇಪರುಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮನೆಯವರು ಅದನ್ನು ನೀರು ಕಟ್ ಆಗುತ್ತದಾ ಅಂತ ನೋಡುತ್ತಾರೆ, ನಾನು ಟೆಂಟಿಗಾಗಿ ನೋಡುತ್ತೇನೆ. 80ರ ಮೇಲಿದ್ದರೆ ದಂಡೆಯ ಜಾಗ ಚಂದ. 40ಕ್ಕಿಂತ ಕೆಳಗೆ ಹೋಯಿತಾ, ದಂಡೆಗೆಂದು ಜಾಸ್ತಿ ದುಡ್ಡು ಕೊಡಬೇಡಿ. ಸ್ವಲ್ಪ ಮೇಲೆ, ಮರದ ನೆರಳಿರುವ ಕಡೆ ತಗೊಳ್ಳಿ.

ಡಿಸೆಂಬರ್, ಜನವರಿಗೆ ಹೋಗುವವರಿಗೆ ಇನ್ನೊಂದು ಮಾತು. ಆಗ ಪುಣೆಯಲ್ಲೇ 10 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಿರುತ್ತವೆ. ತಣ್ಣನೆಯ ಗಾಳಿ ಭಾರ, ರಾತ್ರಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ಕೂರುತ್ತದೆ. ನೀರಿನ ಪಕ್ಕದ ತಗ್ಗಿನಲ್ಲಿ ಮಲಗಿದರೆ ಚಳಿಯೂ ಜಾಸ್ತಿ, ಇಬ್ಬನಿಯೂ ಜಾಸ್ತಿ. ಬೆಳಗ್ಗೆ ಟೆಂಟಿನ ಒಳಗೋಡೆ ಮುಟ್ಟಿದರೆ ಕೈ ಒದ್ದೆ. ಅದೇ ಹೊಲದಲ್ಲಿ ಒಂದು ಬದು ಮೇಲೆ ಹೋದರೂ ಫರಕ್ಕು ಗೊತ್ತಾಗುತ್ತದೆ. ಚಳಿಗಾಲದಲ್ಲಿ ಪೂರ್ವ ಬಯಲಾಗಿರುವ ಜಾಗ ಒಳ್ಳೆಯದು. ಬಿಸಿಲು ಬೇಗ ಬೀಳುತ್ತದೆ, ಟೆಂಟು ಒಣಗುತ್ತದೆ. ಮಾರ್ಚ್ ದಾಟಿದ ಮೇಲೆ ಇದು ಉಲ್ಟಾ. ಪೂರ್ವಕ್ಕೆ ಮರವೋ ಗುಡ್ಡವೋ ಅಡ್ಡ ಇರಬೇಕು, ಇಲ್ಲದಿದ್ದರೆ ಬೆಳಗ್ಗೆ 8ಕ್ಕೇ ಒಳಗೆ ಬೇಯುತ್ತೀರಿ.

ಏಪ್ರಿಲ್, ಮೇನಲ್ಲಿ ಸಂಜೆ ಹೊತ್ತಿಗೆ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು. ಬಟಾಬಯಲಿನ ಜಾಗ ಆಗ ಬೇಡ. ಒಂಟಿ ಮರದ ಕೆಳಗೂ ಬೇಡ. ಓಡಿಹೋಗಿ ಕೂರಲು ಪಕ್ಕಾ ಮನೆ ಒಂದಿದ್ದರೆ ಮಾತ್ರ ಹೋಗಿ. ಮೇ ಕೊನೆಯಿಂದ ಜೂನ್ ಮೊದಲ ಮಳೆಯವರೆಗೆ ಮಿಂಚುಹುಳುಗಳ ಕಾಲ. ಭಂಡಾರದರಾ, ಪುರುಷವಾಡಿ, ರಾಜಮಾಚಿ ಕಡೆ ಇಡೀ ಮರಗಳು ಒಟ್ಟಿಗೇ ಮಿಣಮಿಣ ಅನ್ನುತ್ತವೆ. ಅದಕ್ಕೆ ಹೋಗುವವರು ಹಳ್ಳಿಯ ಮನೆಯಲ್ಲೇ ಉಳಿಯಿರಿ. ಮಳೆ ಯಾವ ರಾತ್ರಿ ಬರುತ್ತದೋ ಗೊತ್ತಿಲ್ಲ. ಬಲ್ಬಿನ ಸರ ಹಾಕುವ ಕ್ಯಾಂಪಿನಲ್ಲಿ ಹುಳು ಕಾಣುವುದೂ ಇಲ್ಲ.

ಜೋರು ಮಳೆಯಲ್ಲಿ ನಾನು ಯಾರಿಗೂ ಜಾಗ ಹೇಳುವುದಿಲ್ಲ. 2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮಿನ ಹಿಂದಿನ ಜಲಪಾತದಲ್ಲಿ ಒಂದೇ ಮನೆಯವರು ಕೊಚ್ಚಿಹೋದರು. ನೀರು ಏರಿದ್ದು ನೋಡನೋಡುತ್ತಿದ್ದಂತೆ. ಲೋಣಾವಳ, ಪವನಾ ಇರುವ ಮಾವಳ ತಾಲೂಕಿನ ಕಡೆ ಮಳೆಗಾಲದಲ್ಲಿ ಜಿಲ್ಲಾಡಳಿತ ನಿರ್ಬಂಧ ಹಾಕುವುದೂ ಉಂಟು. ಮನೆಯಲ್ಲೇ ಭಜಿ ಕರಿದುಕೊಂಡು ತಿನ್ನಿ.

ಜಾಗದಿಂದ ಜಾಗಕ್ಕೆ

ಪವನಾ ಹತ್ತಿರ ಅನ್ನುವುದೇ ಅದರ ಗುಣ, ಅದೇ ದೋಷ. ಪುಣೆ-ಲೋಣಾವಳ ಲೋಕಲ್‌ನಲ್ಲಿ ಕಾಮಶೇತ್‌ಗೆ ಇಳಿದರೆ ಅಲ್ಲಿಂದ ರಿಕ್ಷಾ ಸಿಗುತ್ತದೆ. ತುಂಗ, ತಿಕೋನಾ, ಲೋಹಗಡ ಕೋಟೆಗಳು ನೀರಿನ ಸುತ್ತ ನಿಂತಿರುತ್ತವೆ. ಮಂಗಳವಾರ ಹೋದರೆ ಸ್ವರ್ಗ. ಶನಿವಾರ ಮುಂಬೈ, ಪುಣೆ ಎರಡೂ ಊರು ಅಲ್ಲೇ ಇರುತ್ತವೆ, ಸ್ಪೀಕರ್ ಸಮೇತ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸ್ಪೀಕರ್ ಹಾಕಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆ. ಆದರೆ ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ. ನಿಮ್ಮ ಕ್ಯಾಂಪಿನವನು ಬಂದ್ ಮಾಡಿದರೂ ಆಚೆ ದಂಡೆಯ ಡೋಲಕ್ಕು ಕೇಳುತ್ತಲೇ ಇರುತ್ತದೆ. ಶನಿವಾರವೇ ಹೋಗಬೇಕಾದರೆ ಉದ್ದ ದಂಡೆ ಬಿಟ್ಟು, ಗುಡ್ಡದ ಮರೆಯಲ್ಲಿ ನೀರು ಒಳಸೇರಿದ ಸಣ್ಣ ಖಾಡಿ ಹುಡುಕಿ.

ಭಂಡಾರದರಾ ದೂರ. ಪುಣೆಯಿಂದ ನಾಶಿಕ ರಸ್ತೆ ಹಿಡಿದು ಸಂಗಮನೇರ್, ಅಕೋಲೆ, ರಾಜೂರ್ ದಾಟಬೇಕು. ಮುಂಬೈಯವರು ಕಸಾರಾ ಲೋಕಲ್‌ನಲ್ಲಿ ಕೊನೆಯವರೆಗೆ ಹೋಗಿ ಜೀಪು ಹಿಡಿಯಬಹುದು. ದೂರ ಇದ್ದದ್ದಕ್ಕೇ ಗದ್ದಲ ಕಮ್ಮಿ. 1926ರಲ್ಲಿ ಕಟ್ಟಿ ಮುಗಿಸಿದ ವಿಲ್ಸನ್ ಡ್ಯಾಮು, ಅದರ ಹಿಂದೆ ಆರ್ಥರ್ ಲೇಕ್, ಆ ದಂಡೆಯ ರತನವಾಡಿಯಲ್ಲಿ ಅಮೃತೇಶ್ವರ ಗುಡಿ. 1646 ಮೀಟರಿನ ಕಳಸೂಬಾಯಿ ಪಕ್ಕದಲ್ಲೇ. ನಕ್ಷತ್ರ ನೋಡುವ ಹುಚ್ಚಿದ್ದವರಿಗೆ ನಾನು ಇದನ್ನೇ ಹೇಳುವುದು. ಡಿಸೆಂಬರ್ 13-14ರ ಉಲ್ಕೆಗಳ ರಾತ್ರಿ ಅಮಾವಾಸ್ಯೆ ಹತ್ತಿರ ಬಂದ ವರ್ಷ ತಪ್ಪಿಸಿಕೊಳ್ಳಬೇಡಿ. ಚಳಿ ಮಾತ್ರ ಪವನಾಗಿಂತ ಒಂದು ಕೈ ಜಾಸ್ತಿ.

ಕೋಲಾಡದ ಕುಂಡಲಿಕಾ ನದಿಯಲ್ಲಿ ರಾಫ್ಟಿಂಗ್ ನಡೆಯುವುದೇ ಬೆಳಗ್ಗೆ ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ. ರಾತ್ರಿ ಒಣಗಿ ಕಂಡ ನದಿಪಾತ್ರ ಬೆಳಗ್ಗೆ ತುಂಬಿರುತ್ತದೆ. ಮರಳು ಮೆತ್ತಗಿದೆ ಅಂತ ಕೆಳಗೆ ಟೆಂಟು ಹಾಕಿಸಿಕೊಳ್ಳಬೇಡಿ. ರೇವದಂಡಾ, ಕಾಶೀದ್ ಬೀಚಿನ ಕಡೆ ಹೋದರೆ ಮರಳಿನ ಮೇಲೆ ಒಣಗಿದ ಕಸದ ಗೆರೆ ಕಾಣುತ್ತದಲ್ಲ, ಭರತದ ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಹುಣ್ಣಿಮೆ, ಅಮಾವಾಸ್ಯೆಗೆ ಇನ್ನೂ ಮೇಲೆ ಬರುತ್ತದೆ. ಗಾಳಿಮರದ ಸಾಲಿನ ಹಿಂದೆ ಜಾಗ ಕೇಳಿ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾರಣ ಹೇಳಬೇಕಿಲ್ಲ ಅಲ್ವಾ? ಜುನ್ನರ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆಗಳಿವೆ. ಅವುಗಳಿಗಾಗಿ ಮಾಣಿಕಡೋಹದಲ್ಲಿ ಆಸರೆ ಕೇಂದ್ರವೇ ಇದೆ. ಅಲ್ಲಿ ಮಕ್ಕಳ ಜೊತೆ ಟೆಂಟು ಬೇಡ, ರೂಮು ತಗೊಳ್ಳಿ.

ಈಗ ಕೆಲವರು ಕ್ಯಾರವಾನ್, ಅಂದರೆ ಒಳಗೇ ಮಲಗುವ ವ್ಯವಸ್ಥೆ ಇರುವ ಗಾಡಿ, ಬಾಡಿಗೆಗೆ ತಗೊಳ್ಳುತ್ತಾರೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಅದಕ್ಕೆಂದೇ ನೀತಿ ತಂದಿದೆ, ಆದರೆ ಅದಕ್ಕೆ ತಕ್ಕ ಜಾಗಗಳು ಕಮ್ಮಿ. ಕೊನೆಯ ಒಂದು ಕಿಲೋಮೀಟರ್ ರಸ್ತೆ ಹೇಗಿದೆ, ತಿರುಗಿಸಲು ಜಾಗ ಇದೆಯಾ, ವಯರು ಕೆಳಗೆ ಜೋತುಬಿದ್ದಿವೆಯಾ, 16 ಆಂಪಿಯರ್ ಪ್ಲಗ್ ಸಿಗುತ್ತದಾ, ಕೊಳೆನೀರು ಎಲ್ಲಿ ಬಿಡಬೇಕು ಅಂತ ಕೇಳಿ. ನೆಲ ಮೊರಂ, ಅಂದರೆ ಗರಸು ಮಣ್ಣು, ಇದ್ದರೆ ಸರಿ. ಎರೆಮಣ್ಣಾದರೆ ಒಂದು ಮಳೆ ಬಿದ್ದರೂ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಫೋನಿನಲ್ಲಿ ಏನು ಕೇಳಬೇಕು

ಬುಕಿಂಗ್ ಮಾಡುವ ಏಜೆಂಟನಿಗಲ್ಲ, ಜಾಗದಲ್ಲಿ ನಿಂತವನಿಗೆ ಫೋನ್ ಮಾಡಿ. ಏಜೆಂಟನಿಗೆ ಎಲ್ಲವೂ 'ಲೇಕ್ ಟಚ್'. ನನ್ನ ಮೊದಲ ಪ್ರಶ್ನೆ ಇದು: "ದಾದಾ, ಆತ್ತಾ ಪಾಣೀ ಕುಠಪರ್ಯಂತ ಆಹೇ?" ಈಗ ನೀರು ಎಲ್ಲಿಯವರೆಗಿದೆ ಅಂತ. "ತಾಈ, ಏಕದಮ್ ಸಮೋರಚ್", ಅಕ್ಕಾ ಸೀದಾ ಎದುರಿಗೇ, ಅಂತ ಅವನು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಬಾಭಳಿಯ ಮರ ಇದೆಯಲ್ಲ, ಅಲ್ಲಿಂದ ಕೆಳಗೆ ಹೋಗಿದೆ, ಐದು ನಿಮಿಷ ನಡೀಬೇಕು" ಅಂದರೆ ಆ ಮನುಷ್ಯ ಅಲ್ಲೇ ಇದ್ದಾನೆ, ಸುಳ್ಳೂ ಹೇಳುವುದಿಲ್ಲ. ಅವನ ಹತ್ತಿರ ಮುಂದಿನ ಮಾತು ಆಡಬಹುದು.

ಇವತ್ತಿನ ಫೋಟೊ ಕಳಿಸಿ ಅನ್ನಿ, ಸಂಡಾಸಿನ ವಿಡಿಯೋ ಸಮೇತ. ನಾಚಿಕೆ ಬೇಡ. ಲೊಕೇಶನ್ ತರಿಸಿಕೊಂಡು ಉಪಗ್ರಹದ ನಕ್ಷೆಯಲ್ಲಿ ನೋಡಿ. ಪಕ್ಕದಲ್ಲಿ ಇನ್ನೆಷ್ಟು ಕ್ಯಾಂಪ್ ಅಂಟಿಕೊಂಡಿವೆ, ರಸ್ತೆ ಎಷ್ಟು ಹತ್ತಿರ, ಎಲ್ಲ ಕಾಣುತ್ತದೆ. ಈ ಶನಿವಾರ ಎಷ್ಟು ಟೆಂಟು ತುಂಬಿವೆ, ಫ್ಯಾಮಿಲಿಯವರಿಗೆ ಬೇರೆ ಸಾಲು ಇದೆಯಾ ಅಂತ ಕೇಳಿ. ಊಟ ಸಾಮಾನ್ಯವಾಗಿ ಪ್ಯಾಕೇಜಿನಲ್ಲೇ ಬರುತ್ತದೆ: ಸಂಜೆ ಚಹಾ-ಭಜಿ, ಬಾರ್ಬೆಕ್ಯೂ, ರಾತ್ರಿ ಊಟ, ಬೆಳಗ್ಗೆ ಪೋಹೆ. ವೆಜ್‌ನವರು ಕೆಂಡದ ಒಲೆ ಬೇರೆಯಾ ಅಂತ ಮೊದಲೇ ಹೇಳಿಸಿಕೊಳ್ಳಿ. ಒಂದೇ ಜಾಳಿಗೆಯಲ್ಲಿ ಪನೀರು, ಕೋಳಿ ಪಕ್ಕಪಕ್ಕ ಇಡುವವರೂ ಇದ್ದಾರೆ. ನಮ್ಮ ಅತ್ತೆ ಅದಕ್ಕೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬರುತ್ತಾರೆ.

ಹತ್ತಿರದ ಸರಕಾರಿ ದವಾಖಾನೆ ಎಲ್ಲಿ, ಹಾವು ಕಚ್ಚಿದರೆ ಇಂಜೆಕ್ಷನ್ ಅಲ್ಲಿ ಸಿಗುತ್ತದಾ ಅಂತಲೂ ಕೇಳಿ. ಉತ್ತರ ತಟ್ಟನೆ ಬಂದರೆ ಒಳ್ಳೆಯ ಲಕ್ಷಣ. 108 ಎಲ್ಲ ಕಡೆ ಇದೆ, ಆದರೆ ಫೋನಿಗೆ ಸಿಗ್ನಲ್ ಇರಬೇಕಲ್ಲ. ಅದನ್ನೂ ಕೇಳಿ. ಈಜಾಡಬಹುದಾ ಅಂದಾಗ "ಹೋ ಹೋ, ಬಿಂದಾಸ್" ಅನ್ನುವವನ ಜಾಗ ನಾನು ಅಲ್ಲೇ ಬಿಡುತ್ತೇನೆ. ಹಿನ್ನೀರಿನ ತಳದಲ್ಲಿ ಕೆಸರು, ಮುಳುಗಿದ ಮರ, ದಿಢೀರ್ ಆಳ. ಜನ ಮುಳುಗಿದ ಸುದ್ದಿ ಪ್ರತಿ ವರ್ಷ ಬರುತ್ತದೆ.

ಸಂಜೆ 4ಕ್ಕೇ ಮುಟ್ಟಿ. ಬೆಳಕಿದ್ದಾಗ ಬಂದವರಿಗೆ ಟೆಂಟು ಆರಿಸಿಕೊಳ್ಳಲು ಬಿಡುತ್ತಾರೆ. ಸ್ವಲ್ಪ ಇಳಿಜಾರಿದ್ದರೆ ಪರವಾಗಿಲ್ಲ, ತಲೆ ಎತ್ತರದ ಕಡೆ ಇಟ್ಟು ಮಲಗಿ. ಇರುವೆ ಗೂಡು, ಬಿಲ ಇವೆಯಾ ಅಂತ ಸುತ್ತ ಒಮ್ಮೆ ನಡೆದು ನೋಡಿ. ಜನರೇಟರ್, ಅಡುಗೆ ಮನೆ, ಸ್ಪೀಕರ್ ಮೂರರಿಂದಲೂ ದೂರದ ಸಾಲು ಕೇಳಿ. ಗೂಟ ಕೈಯಿಂದ ಅಲ್ಲಾಡಿಸಿ. ಇಲ್ಲಿ ಒಂದು ಗೇಣು ಮಣ್ಣಿನ ಕೆಳಗೆ ಕರಿಕಲ್ಲು, ಗೂಟ ಅರ್ಧವೂ ಇಳಿಯುವುದಿಲ್ಲ. ಹುಷಾರಿರುವ ಹುಡುಗರು ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಿರುತ್ತಾರೆ. ಹಾಗೆ ಕಟ್ಟಿರದಿದ್ದರೆ ಕಟ್ಟಿಸಿ. ಚಳಿ ಅಂತ ನಿಗಿ ಕೆಂಡದ ಬಾಣಲೆ ಟೆಂಟಿನೊಳಗೆ ಒಯ್ಯುವುದು ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಇನ್ನೊಂದು ಚಾದರ ಕೇಳಿ, ಕೊಡುತ್ತಾರೆ.

ದುಡ್ಡು ಪೂರ್ತಿ ಮೊದಲೇ ಹಾಕಬೇಡಿ. ಸ್ವಲ್ಪ ಮುಂಗಡ ಕೊಟ್ಟು, ಉಳಿದದ್ದು ಟೆಂಟು ನೋಡಿದ ಮೇಲೆ. ಮಳೆ ಬಂದು ರದ್ದಾದರೆ ಮುಂಗಡ ವಾಪಸ್ಸಾ, ಬೇರೆ ದಿನಕ್ಕೆ ಹೋಗುತ್ತದಾ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಭಾನುವಾರ ಪೋಹೆ ತಿಂದು 10ರೊಳಗೆ ಹೊರಡಿ. ತಡ ಮಾಡಿದರೆ ಲೋಣಾವಳದ ಕಡೆಯ ಗಾಡಿಗಳೆಲ್ಲ ಸೇರಿಕೊಂಡು, ಕಾಮಶೇತ್ ದಾಟುವುದರಲ್ಲೇ ಮಧ್ಯಾಹ್ನ ಆಗುತ್ತದೆ.