ಕಚ್ಚುವ ನೊಣ ಅಡುಗೆಮನೆಯದ್ದಲ್ಲ

ಮಳೆ ಹಿಡಿಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಹಟ್ಟಿ (ದನದ ಕೊಟ್ಟಿಗೆ) ಇರುವ ಮನೆಗಳಲ್ಲಿ ಒಂದೇ ದೂರು: "ಈ ನೊಣಕ್ಕೆ ಏನಾಯ್ತು, ಕಚ್ಚಲಿಕ್ಕೆ ಶುರು ಮಾಡಿದೆಯಲ್ಲ!" ಅನ್ನದ ಮೇಲೆ ಕೂರುವ ನೊಣಕ್ಕೆ ಏನೂ ಆಗಿಲ್ಲ. ಅದರ ಬಾಯಿ ಸ್ಪಂಜಿನ ಹಾಗೆ, ಒತ್ತಿ ಹೀರಲಿಕ್ಕೆ ಮಾತ್ರ ಗೊತ್ತು. ಕಚ್ಚುವುದು ಹಟ್ಟಿಯ ನೊಣ. ನೋಡಲಿಕ್ಕೆ ಎರಡೂ ಒಂದೇ. ಗೋಡೆಯಲ್ಲಿ ಕೂತಾಗ ಹತ್ತಿರ ಹೋಗಿ ನೋಡಿ: ಹಟ್ಟಿಯ ನೊಣ ತಲೆ ಮೇಲೆ ಮಾಡಿ ಕೂತಿರುತ್ತದೆ, ಮೂತಿಯ ಮುಂದೆ ಕಪ್ಪು ಬಣ್ಣದ ಗಟ್ಟಿ ಕೊಳವೆ ಚಾಚಿರುತ್ತದೆ.

ಸೊಳ್ಳೆಯಲ್ಲಿ ರಕ್ತ ಕುಡಿಯುವುದು ಹೆಣ್ಣು ಮಾತ್ರ, ಮೊಟ್ಟೆಗೆ ಬೇಕೆಂದು. ಗುಡ್ಡೆಯಲ್ಲಿ ದನಗಳಿಗೆ ಅಂಟುವ ದೊಡ್ಡ ನೊಣವೂ ಹಾಗೆಯೇ. ಅದು ಚರ್ಮ ಕೊಯ್ದು ಒಸರಿದ ರಕ್ತ ನೆಕ್ಕುತ್ತದೆ. ಹಟ್ಟಿಯ ನೊಣದಲ್ಲಿ ಗಂಡೂ ಬಿಡುವುದಿಲ್ಲ, ರಕ್ತವೇ ಊಟ. ದನದ ಕಾಲು ಅದಕ್ಕೆ ಇಷ್ಟ. ದನ ಮೇಯಲಿಕ್ಕೆ ಹೋಗಿದ್ದರೆ ಜಗಲಿಯಲ್ಲಿ ಅಡಿಕೆ ಸುಲಿಯುವವರ ಕಣಕಾಲು ಸಿಕ್ಕಿತಲ್ಲ! ಕಾಲುಚೀಲದ ಮೇಲಿಂದಲೂ ಚುಚ್ಚುತ್ತದೆ.

ಹಾಗಾಗಿ ಅಡುಗೆಮನೆಗೆ ಎಷ್ಟು ಫಿನಾಯಿಲ್ ಸುರಿದರೂ ಇದು ಕಡಿಮೆಯಾಗದು. ಹುಟ್ಟುವುದು ದನದ ಕಾಲಡಿಗೆ ಹಾಸಿದ ಸೊಪ್ಪಿನಲ್ಲಿ, ಗಂಜಳ ಕುಡಿದು ಕೊಳೆತ ಬೈಹುಲ್ಲಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ದನಕ್ಕೆ ಕುಡಿಯಲು ಇಡುವ ಬಾನಿಯ ಬುಡದಲ್ಲಿ. ಚೆಲ್ಲಿದ ಅಕ್ಕಚ್ಚು (ಅಕ್ಕಿ ತೊಳೆದ ನೀರು), ದನ ಎಳೆದು ಬಿಟ್ಟ ಹುಲ್ಲು, ಸೆಗಣಿ ಎಲ್ಲ ಸೇರಿ ಅಲ್ಲಿ ಮುದ್ದೆಯಾಗಿರುತ್ತದೆ. ಕೋಲಿನಲ್ಲಿ ಮೇಲಿನ ಪದರ ಎಬ್ಬಿಸಿ, ಬಿಳಿ ಹುಳುಗಳು ಗಿಜಿಗುಟ್ಟುತ್ತಿರುತ್ತವೆ. ನಮ್ಮ ಸೆಕೆಗೆ ಮೊಟ್ಟೆ ನೊಣವಾಗಲು ಎರಡು ಮೂರು ವಾರ ಬೇಕು. ವಾರಕ್ಕೊಮ್ಮೆ ಆ ಮೂಲೆ ಕೆರೆದು ತೆಗೆದರೆ ರೆಕ್ಕೆ ಬರುವ ಮೊದಲೇ ಅದರ ಕಥೆ ಮುಗಿಯಿತು. ಸೊಪ್ಪು ಹಾಕಲೇಬೇಡಿ ಎಂದು ನಾನು ಹೇಳುವುದಿಲ್ಲ, ತೋಟಕ್ಕೆ ಗೊಬ್ಬರ ಬೇಡವೇ? ಆದರೆ ತೆಗೆದದ್ದನ್ನು ಹಟ್ಟಿಯ ಹಿಂದೆಯೇ ರಾಶಿ ಹಾಕಬೇಡಿ. ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಬಿಸಿಲಿದ್ದರೆ ತೆಳ್ಳಗೆ ಹರಡಿ, ಒಣಗಿದಲ್ಲಿ ಹುಳು ಬದುಕದು.

ಅಡಿಕೆ ಸಿಪ್ಪೆಯ ಹೊಗೆಯನ್ನು ಹೆಚ್ಚು ನಂಬಬೇಡಿ. ಹೊಗೆ ಆರಿದ ಕೂಡಲೇ ನೊಣ ಹಾಜರು.

ಕಚ್ಚಿದ ಜಾಗವನ್ನು ಸಾಬೂನು ಹಾಕಿ ತೊಳೆದು, ತಣ್ಣೀರಿನ ಬಟ್ಟೆ ಇಡಿ. ಸುಣ್ಣ ಹಚ್ಚುವ ಚಾಳಿ ಬಿಡಿ, ಚರ್ಮ ಸುಡುತ್ತದೆ. ಮಕ್ಕಳು ಕೆರೆದುಕೊಂಡು ಕೀವು ಮಾಡಿಕೊಳ್ಳುತ್ತಾರೆ, ಉಗುರು ಕತ್ತರಿಸಿಡಿ. ಮುಖ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಅರೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ.